ಕರ್ತೃ: ಅಜ್ಞಾತ

“ಏ ತಿಪ್ಪಿ, ಖುರ್ಚಿ ನಿಮ್ಮಪ್ಪಂದೇನ? ಏಳ ಹಲಕಟ್ಟ, ಗ್ವಾಡಿಗೆ ಹತ್ತಿ ನೆಲದ ಮ್ಯಾಲ ಕೂಡ್ರು.”

ತಿಪ್ಪವ್ವ ಎದ್ದಳು. ಬೈದವರು ಹೊರ್ತಿ ಊರಿನ ಜಮೀನುದಾರ ಅನಂತರಾಯರು. ಕಾಲೇಜಿನಲ್ಲಿ ಪಾಠ ಹೇಳುವ ವಿದ್ವಾಂಸರೂ ಹೌದು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಇಂಡಿ ಪಟ್ಟಣದಲ್ಲಿ ಜಾನಪದ ಗೋಷ್ಠಿ ನಡೆದಾಗ, ತಮ್ಮ ಪ್ರಬಂಧದ ನಡುವೆ ಒಂದು ಹಾಡು ಹಾಡಿಸಲೆಂದು ಹೊಲಗೇರಿಯ ತಿಪ್ಪವ್ವನನ್ನೂ ಅವಳ ಜತೆ ಕಳೆ ತೆಗೆಯುವ ನಾಲ್ವರು ಹೆಂಗಸರನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ವಿದ್ವಾಂಸರಿಗೆ ಕಪ್ಪುಬಸಿಯಲ್ಲಿ ಚಹಾ ಬಂತು. ಇವರನ್ನು ಹೊರಗೆ ಕರೆದು, ತೆಂಗಿನ ಪರಟಿಯಲ್ಲಿ, ತಾಕದಂತೆ ಎತ್ತಿ ಹೊಯ್ದರು.

ಬಾಗಿಲ ಬಳಿ ಗ್ರಂಥಪಾಲ ಕಾಸಿಂಸಾಬರು ಕಾರ್ಡು ಹರವಿಕೊಂಡು ಕುಳಿತಿದ್ದರು. ಏನು ಬರೆಯುತ್ತೀರೆಂದು ತಿಪ್ಪವ್ವ ಕೇಳಿದ್ದಕ್ಕೆ ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಗೋಷ್ಠಿಗಳಲ್ಲಿ ಆಡಿದ ಮಾತು, ಓದಿದ ಪ್ರಬಂಧ ಎಲ್ಲವೂ ಗ್ರಂಥಸೂಚಿಗೆ ಸೇರುತ್ತವೆ. ಅಚ್ಚಾಗದಿದ್ದರೂ ಸರಿ, ವೇದಿಕೆ ಹತ್ತಿ ಮಾತಾಡಿದವರಿಗೆ ಒಂದು ಕಾರ್ಡು. ಕೆಳಗೆ ಕುಳಿತು ಹಾಡಿದವರಿಗೆ? ಅದಕ್ಕೆ ನಿಯಮವಿಲ್ಲವೆಂದು ಸಾಬರು ಮುಖ ತಗ್ಗಿಸಿದರು.

ರಾಯರು ಓದತೊಡಗಿದರು. ಹಾಡು ಮುನ್ನೂರು ವರ್ಷದ್ದು, ಕರ್ತೃ ಅಜ್ಞಾತ, ಅದರಲ್ಲಿ ಬರುವ ಛತ್ರಿಯೆಂದರೆ ಭೂಮಿತಾಯಿಯನ್ನು ಕಾಯುವ ಆಕಾಶ. ವಿದ್ವಾಂಸರು ತಲೆದೂಗಿದರು. ತಿಪ್ಪವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಹೋದ ವರ್ಷ ಜೋಳದ ಹೊಲದಲ್ಲಿ, ಒಡ್ಡಿನ ಮೇಲೆ ಛತ್ರಿ ಬಿಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದ ಇದೇ ರಾಯರನ್ನು ನೋಡಿ ಅವಳೇ ಕಟ್ಟಿದ ಹಾಡದು.

ರಾಯರು ಹಾಡೆಂದು ಕೈಮಾಡಿದರು. ತಿಪ್ಪವ್ವ ಸೀದಾ ವೇದಿಕೆ ಹತ್ತಿದಳು.

“ಛತ್ರಿ ಆಕಾಶ ಅಲ್ರಿ, ರಾಯರದು. ಹಾಡ ನಂದು,” ಎಂದವಳೇ ದನಿ ತೆಗೆದಳು:

“ಒಡ್ಡಿನ ಮ್ಯಾಲೊಂದು ಛತ್ರಿ ಬಿಚ್ಚೈತವ್ವ,
ಛತ್ರಿಯ ನೆಳ್ಳಾಗ ಹೊಟ್ಟಿ ಮಲಗೈತವ್ವ…”

ನಾಲ್ವರೂ ಗೋಡೆಯ ಬುಡದಿಂದಲೇ ದನಿಗೂಡಿಸಿದರು. ಹಿಂದಿನ ಸಾಲಿನ ಹುಡುಗರು ಬಿದ್ದುಬಿದ್ದು ನಕ್ಕರು. ತಲೆದೂಗಿದವರು ಈಗ ಕನ್ನಡಕ ಒರೆಸಿಕೊಳ್ಳತೊಡಗಿದರು.

“ಇಳಿಯಲೇ ಬೋಳಿ,” ಎಂದರು ರಾಯರು, ಹಲ್ಲು ಕಡಿದು. “ನಾಳಿಂದ ನನ್ನ ಹೊಲದಾಗ ಕಾಲಿಟ್ರ ಕಾಲ ಮುರೀತೇನಿ.”

ಹಾಡು ನಿಂತಿತು. ಆ ಹೊಲ ಬಿಟ್ಟರೆ ತಿಪ್ಪವ್ವನ ಒಲೆಗೆ ಬೇರೆ ದಾರಿಯಿರಲಿಲ್ಲ. ಕೆಳಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾಸಿಂಸಾಬರು ಕಾರ್ಡು ಹಿಡಿದು ಎದ್ದು ನಿಂತರು. “ಕರ್ತೃ ಅಂತ ಯಾರ್ ಹೆಸರ ಬರೀಲಿ, ಯವ್ವಾ?”

“ಹೊರ್ತಿ ತಿಪ್ಪವ್ವ ಅಂತ ಬರೀರಿ.” ಅವಳು ರಾಯರತ್ತ ತಿರುಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಹಂಗ ಇನ್ನೊಂದ ಚೀಟಿ ತಗೀರಿ ಸಾಹೇಬ್ರ. ಕೆಲಸ ಬಿಡಿಸಿದ್ದರ ಮ್ಯಾಲ ಹೊಸಾ ಹಾಡೊಂದ ಹುಟ್ಟಾಕತ್ತೈತಿ.”

ಸಾಬರು ಹೊಸ ಕಾರ್ಡು ತೆಗೆದರು. ಗೋಡೆಗೆ ಒರಗಿದ್ದ ನಾಲ್ವರೂ ಎದ್ದು, ಸೀರೆ ಕೊಡವಿಕೊಂಡು, ವೇದಿಕೆಯ ಮೆಟ್ಟಿಲು ಹತ್ತತೊಡಗಿದರು.