ಹೆಸರೆತ್ತದ ಪ್ರಾರ್ಥನೆ

ಶವವಾಹನ ಕಂಡರೆ ಸಾಕು, ನಮ್ಮ ಚಾಳಿನ ಪಾವ್ಲಿನ್ ಬಾಯಮ್ಮನ ಕಾಲು ಇದ್ದಲ್ಲೇ ನಿಲ್ಲುತ್ತದೆ. ಬೈಕುಲ್ಲಾ ಮಾರ್ಕೆಟ್ಟಿನ ಕೈಗಾಡಿಯವರು ಹಿಂದಿನಿಂದ ಬೈಯಲಿ, ಚೀಲದೊಳಗಿನ ಬಂಗುಡೆ ಮೀನಿನ ನೀರು ಸೀರೆಗೆ ಸೋರಲಿ, ಬೇಸಿಗೆಯಲ್ಲೂ ಕೈಬಿಡದ ಕರಿಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಶಿಲುಬೆಯ ಗುರುತು ಹಾಕಿ, ಸತ್ತವರ ಜಾತಿ ಮತ ವಿಚಾರಿಸದೆ, ಕೊಂಕಣಿಯಲ್ಲಿ ಮರಿಯಮ್ಮನಿಗೆ ಒಂದು 'ನಮಾನ್ ಮರಿಯೆ' ಪ್ರಾರ್ಥನೆ ಮುಗಿಸಿಯೇ ಅವರು ಮುಂದಿನ ಹೆಜ್ಜೆ ಇಡುವುದು. ನೆರೆಮನೆಯ ಬಾಗಲಕೋಟೆಯ ಶಾಂತಪ್ಪ, "ಏನ್ ಬಾಯಾರ, ಸತ್ತವರ ಏಜೆಂಟ್ ಆಗೀರೇನು?" ಎಂದು ಕೆಣಕಿದರೆ, "ಹೌದು ಮಾರಾಯ, ನಿನ್ನದೂ ಬುಕ್ ಮಾಡಿ ಇಟ್ಟಿದ್ದೇನೆ" ಎಂದು ಅಲ್ಲೇ ತಿರುಗಿಸಿ ಕೊಡುತ್ತಾರೆ.

ಮರಣ ಅಂತ್ಯವಲ್ಲ, ದೇವರ ಸನ್ನಿಧಿ ಸೇರುವ ಮೊದಲು ಆತ್ಮ ತೊಳೆದು ಶುಭ್ರವಾಗುವ ತಾಣವೊಂದಿದೆ, ಅಲ್ಲಿ ಕಾಯುತ್ತಿರುವವರಿಗೆ ಬದುಕಿರುವವರ ಪ್ರಾರ್ಥನೆಯೇ ಆಸರೆ ಎಂಬುದು ಅವರ ಕೆಥೊಲಿಕ್ ಶ್ರದ್ಧೆ. ಇಷ್ಟಾಗಿಯೂ ಹೆತ್ತ ಮಗ ವಲೇರಿಯನ್‌ನ ಹೆಸರನ್ನು ಅವರು ಪ್ರಾರ್ಥನೆಯಲ್ಲಿ ಎತ್ತುವಂತಿಲ್ಲ. ದೇವರೊಡನೆ ಜಗಳವಾಡಿ ಇಗರ್ಜಿಯ ಪೂಜೆಗೆ ಹೋಗುವುದನ್ನೇ ಬಿಟ್ಟಿದ್ದ ಆತ, ಕೊನೆಯ ಕಾಯಿಲೆಯಲ್ಲಿ ತಾಯಿಯ ಕೈಹಿಡಿದು, ತನಗಾಗಿ ಎಂದೂ ಪ್ರಾರ್ಥಿಸಕೂಡದೆಂದು ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದ.

ಈ ನವೆಂಬರಿನಲ್ಲಿ, ಮೃತರ ಸ್ಮರಣೆಯ ದಿನ, ನಾನೂ ಅವರೊಡನೆ ಸ್ಮಶಾನಕ್ಕೆ ಹೋಗಿದ್ದೆ. ಸಮಾಧಿಗಳ ಮೇಲೆಲ್ಲ ಸೇವಂತಿಗೆ, ಉರಿಯುವ ಮೇಣದಬತ್ತಿ. ಬಾಯಮ್ಮ ಬಲಗಾಲು ಎಳೆದುಕೊಂಡು, ಯಾರೂ ಬಾರದ ಸಮಾಧಿಗಳನ್ನೇ ಹುಡುಕಿ ಹುಡುಕಿ ಬತ್ತಿ ಹಚ್ಚಿದರು. ಮಗನ ಸಮಾಧಿಯ ತರಗೆಲೆ ಗುಡಿಸಿದರು, ಬತ್ತಿ ಮಾತ್ರ ಹಚ್ಚಲಿಲ್ಲ.

"ಊರಿಗೆಲ್ಲ ಬೇಡುತ್ತೀರಿ, ಇವನೊಬ್ಬನಿಗೆ ಬೇಡವೇ?" ಎಂದೆ.

"ಕೊಟ್ಟ ಮಾತು ತಪ್ಪಲಿಕ್ಕೆ ಉಂಟಾ ಮಾರಾಯ್ರೇ? ಅದಕ್ಕೇ ದಿಕ್ಕಿಲ್ಲದ ಆತ್ಮಗಳಿಗೆಲ್ಲ ಒಟ್ಟಿಗೆ ಬೇಡುವುದು. ಬೈಕುಲ್ಲಾದಲ್ಲಿ ಲೋಕಲ್ ರೈಲು ನಾವು ಹತ್ತುವುದಾ? ಹಿಂದಿನ ರಶ್ಶೇ ಹತ್ತಿಸುವುದಲ್ವಾ? ಇವನೂ ಹಾಗೇ ಒಳಗೆ ಹೋದಾನು."

ಅವರ ದನಿ ಒಡೆಯಿತು. ಮಾತು ಕೊಟ್ಟವರು ಅವರು, ನಾನಲ್ಲವಲ್ಲ! ಅವರ ಚೀಲದಿಂದಲೇ ಒಂದು ಬತ್ತಿ ತೆಗೆದು ವಲೇರಿಯನ್‌ನ ತಲೆದೆಸೆಯಲ್ಲಿ ಹಚ್ಚಿದೆ. ಬಾಯಮ್ಮ ತಟ್ಟನೆ ಬೆನ್ನು ತಿರುಗಿಸಿ, "ನಾನು ನೋಡಲಿಲ್ಲ" ಎಂದರು. ಹಾಗೆನ್ನುತ್ತಲೇ ಕರಿಕೊಡೆ ಬಿಚ್ಚಿ ಕಡಲಗಾಳಿಗೆ ಅಡ್ಡ ಹಿಡಿದರು. ಬತ್ತಿ ಉರಿದು ಮುಗಿಯುವವರೆಗೂ ಮಡಚಲಿಲ್ಲ.

ಮಾತನ್ನೂ ಮುರಿಯದೆ ಮಗನನ್ನೂ ಬಿಡದೆ, ಅವನೊಬ್ಬನಿಗಾಗಿ ಲೋಕದ ಸತ್ತವರನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುವ ಜೀವಗಳಿವು. ಇಂಥವರು ಇರುವತನಕ, ದಿಕ್ಕಿಲ್ಲದೆ ಸತ್ತರೆಂದು ಯಾರ ಬಗೆಗೂ ಹೇಳಲು ನನಗೆ ಬಾಯಿ ಬಾರದು.