ಕಜ್ಜಿ ಏಳದ ಮೈ

ಹೆಂಡತಿ ಹೆತ್ತ ಮೂರನೆಯ ದಿನ ಕರಾಯ್ ಈಟಿ ಹಿಡಿದು ಕಡಲಿಗೆ ಹೊರಟ. ದಾರಿಯಲ್ಲಿ ಎದುರಾದ ಇಬ್ಬರೂ ಎಲ್ಲಿಗೆ ಎಂದು ಕೇಳಲಿಲ್ಲ. ಕಡಲಿಗೆ ಹೊರಟವನನ್ನು ಆ ದ್ವೀಪದಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಕೇಳಿದರೆ ದೆವ್ವಗಳ ಕಿವಿಗೂ ಬೀಳುತ್ತದೆ. ಒಬ್ಬ ಮಾತ್ರ ಕಣ್ಣು ಮಿಟುಕಿಸಿ, "ಏನು, ಗೆಣಸಿನ ಹೊಲಕ್ಕಾ?" ಎಂದ.

"ಹೂಂ, ಗೆಣಸಿಗೆ," ಎಂದು ಕರಾಯ್ ಈಟಿಯನ್ನು ಬೆನ್ನ ಹಿಂದೆ ಮಾಡಿಕೊಂಡ.

ಅವನಿಗೆ ಬೇಕಾಗಿದ್ದದ್ದು ಹೆಂಗಸರ ಮೀನು. ತೀರದ ಹವಳದ ಬಂಡೆಗಳ ಮೀನುಗಳನ್ನೆಲ್ಲ ಹಿರಿಯರು ಎಂದೋ ಪಾಲು ಹಾಕಿಟ್ಟಿದ್ದರು. ಇದು ಹೆಂಗಸರದು, ಇದು ಗಂಡಸರದು, ಇದು ಮುದುಕರದು. ಬಿಳಿ ಮಾಂಸದ, ನಾತವಿಲ್ಲದ ಮೀನೆಲ್ಲ ಹೆಂಗಸರ ಪಾಲು. ಕರಿ ತೊಗಲಿನದು, ವಾಸನೆಯದು ಗಂಡಸರಿಗೆ. ಬಾಣಂತಿಗಂತೂ ಗಿಳಿಮೂತಿಯ ನೀಲಿ ಮೀನಿನ ಸಾರೇ ಆಗಬೇಕು. ಅದನ್ನು ಗಂಡನೇ ಹಿಡಿದಿರಬೇಕು, ಅದೂ ಅಂದೇ ಹಿಡಿದಿರಬೇಕು. ಮಾರನೆಯ ದಿನ ಮಗುವಿಗೆ ಹೆಸರಿಡುವುದಿತ್ತು. ಅಷ್ಟರೊಳಗೆ ಒಂದು ಸಲವಾದರೂ ಆ ಸಾರು ಅವಳ ಹೊಟ್ಟೆಗೆ ಹೋಗಬೇಕಿತ್ತು. ಎರಡು ದಿನದಿಂದ ಅವನು ಬರಿಗೈಲಿ ಮರಳಿದ್ದ.

ಕಡಲಿಗೆ ಚಾಚಿದ ಭೂಶಿರದ ಕೆಳಗೆ, ಅವನ ಅಪ್ಪ, ಅಜ್ಜ ಈಟಿ ಹಾಕುತ್ತಿದ್ದ ಜಾಗದಲ್ಲಿ ಅವನು ಮುಳುಗಿದ. ಮೊದಲು ಗಮನಕ್ಕೆ ಬಂದದ್ದು ಸದ್ದು. ಸದ್ದಲ್ಲ, ಸದ್ದಿಲ್ಲದಿರುವುದು. ನೀಲಿ ಮೀನು ಬಂಡೆಯನ್ನು ಹಲ್ಲಿನಿಂದ ಕೆರೆಯುವಾಗ ನೀರೊಳಗೆ ಯಾರೋ ಹುರಿಗಡಲೆ ಅಗಿದ ಹಾಗೆ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಅವನು ಆ ಸದ್ದು ಹಿಡಿದೇ ಮೀನು ಹುಡುಕುತ್ತಿದ್ದ. ಈಗ ತನ್ನ ಎದೆಬಡಿತವಷ್ಟೇ ಕೇಳಿಸಿತು. ಕೆರೆಯುವವರಿಲ್ಲದೆ ಬಂಡೆಯ ಮೇಲೆ ಕಂದು ಪಾಚಿ ಬೆಳೆದಿತ್ತು, ಕೈಯಿಟ್ಟರೆ ಲೋಳೆ. ಹತ್ತು ಸಲ ಮುಳುಗಿ ಎದ್ದ. ಸಿಕ್ಕಿದ್ದು ಕರಿ ತೊಗಲಿನ ಒಂದು ಮೀನು, ಗಂಡಸರದು. ಬಂಡೆಯ ಮೇಲೆ ಕೂತು ಏದುಸಿರು ಬಿಟ್ಟ.

ಯಾರು ಖಾಲಿ ಮಾಡಿದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಈಚೆಗೆ ಮುಗಿದ ವಸಂತದಲ್ಲಿ, ಹಾರುಮೀನು ಬರುವ ತಿಂಗಳುಗಳಲ್ಲಿ, ಊರಿನ ದೋಣಿಗಳೆಲ್ಲ ಹೊರಗಡಲಿಗೆ ಹೋಗಿದ್ದವು. ಆ ತಿಂಗಳುಗಳಲ್ಲಿ ತೀರದ ಬಂಡೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಕಪ್ಪು ರೆಕ್ಕೆಯ ಹಾರುಮೀನು ಮೂಲಪುರುಷನ ಕನಸಿನಲ್ಲಿ ಬಂದು ಹೇಳಿದ ಮಾತು ಅದು: ನಾವು ಬಂದಾಗ ನಮ್ಮನ್ನಷ್ಟೇ ಹಿಡಿಯಿರಿ, ಬೇರೆಯದನ್ನು ಹಿಡಿದವನ ಮೈ ತುಂಬ ಕಜ್ಜಿ ಏಳುತ್ತದೆ.

ದೋಣಿಗಟ್ಟೆಯ ಹತ್ತಿರ ಚಿಯೆನ್ ಎಂಬವಳು ತೈವಾನಿನಿಂದ ಬಂದು ಹೊಸದಾಗಿ ಹೋಟೆಲು ತೆರೆದಿದ್ದಳು. ಪ್ರವಾಸಿಗಳಿಗೆ ನೀಲಿ ಮೀನೇ ಬೇಕಿತ್ತು. ನೋಡಲು ಚೆಂದ, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ಕರಾಯ್‌ಗೆ ಮೋಟಾರ್‌ಬೈಕು ಬೇಕಿತ್ತು. ಮೊದಲ ದಿನ ಎಂಟು ಮೀನು ಹೊಡೆದ. ಮನೆಗೆ ಬಂದು ಬಾಗಿಲ ಬೆಳಕಲ್ಲಿ ತೋಳು, ತೊಡೆ, ಕಂಕುಳು ಎಲ್ಲ ನೋಡಿಕೊಂಡ. ಏನೂ ಇರಲಿಲ್ಲ. ಒಂದು ವಾರ ಕಾದ. ಸೊಳ್ಳೆ ಕಡಿದ ಗುರುತೂ ಇರಲಿಲ್ಲ.

"ಅಪ್ಪಾ, ನೋಡು ಬಾ," ಎಂದು ಅಂಗಿ ಬಿಚ್ಚಿ ತೋರಿಸಿದ್ದ. "ಎಲ್ಲಿದೆ ನಿನ್ನ ಹಾರುಮೀನಿನ ಕಜ್ಜಿ? ಮಗುವಿನ ಮೈ ಇದ್ದ ಹಾಗಿದೆ."

ಅಪ್ಪ ಎಲೆಯಡಿಕೆ ಜಗಿಯುತ್ತ ಮಗನ ಸುತ್ತ ಒಂದು ಸುತ್ತು ಬಂದ. "ಬೆನ್ನು ನೋಡ್ಕೊಂಡ್ಯಾ?"

"ನೀನೇ ನೋಡು."

ಮುದುಕ ನೋಡಿದ. ಏನೂ ಇರಲಿಲ್ಲ. "ಬರತ್ತೆ, ತಾಳು. ಅವಸರ ನಿಂಗೆ, ಕಜ್ಜಿಗೇನು ಅವಸರ?" ಎಂದ. ಆದರೆ ಅವನ ದನಿಯಲ್ಲಿ ಗಟ್ಟಿತನವಿರಲಿಲ್ಲ. ಆಮೇಲೆ ಕರಾಯ್ ದಿನಕ್ಕೆ ಮೂವತ್ತು ಹೊಡೆದ. ಮೂರು ತಿಂಗಳು ಬೆಳಗೆದ್ದರೆ ಮೈ ನೋಡಿಕೊಳ್ಳುವುದು, ನಕ್ಕು ಕಡಲಿಗೆ ಇಳಿಯುವುದು. ಬಂಡೆಯನ್ನು ಒಂದು ದಿನವೂ ನೋಡಲಿಲ್ಲ.

ಕರಿ ಮೀನನ್ನು ನೀರಿಗೆ ಎಸೆದು ಅವನು ಚಿಯೆನ್ ಹೋಟೆಲಿಗೆ ಹೋದ.

"ಓಹೋ! ಮೀನು ತಂದ್ಯಾ? ಹತ್ತು ದಿನದಿಂದ ನಿನ್ನ ಮುಖನೇ ಇಲ್ಲ."

"ತಂದಿಲ್ಲ. ನೀಲಿದು ಒಂದಿದ್ರೆ ಕೊಡು."

ಅವಳು ಎರಡು ಕ್ಷಣ ಅವನ ಮುಖ ನೋಡಿ ಗೊಳ್ಳೆಂದು ನಕ್ಕಳು. "ಅಯ್ಯೋ ಪುಣ್ಯಾತ್ಮ, ಬೆಸ್ತನೇ ಮೀನು ಕೊಳ್ಳೋಕೆ ಬಂದ್ನಲ್ಲಪ್ಪ! ಬಾ, ನಿಂದೇ ಇದೆ ಒಳಗೆ." ದೊಡ್ಡ ಫ್ರೀಜರಿನ ಮುಚ್ಚಳ ಎತ್ತಿದಳು. ತಳದಲ್ಲಿ, ಹಿಮ ಅಂಟಿಕೊಂಡು, ನಾಲ್ಕು ಮೀನು ಬಿದ್ದಿದ್ದವು. ಬಣ್ಣ ಬೂದಿಯಾಗಿತ್ತು. ಕಿವಿರಿನ ಹಿಂದೆ ಅವನ ಈಟಿಯ ತೂತು. ಅವನು ಯಾವಾಗಲೂ ಅಲ್ಲಿಗೇ ಹೊಡೆಯುತ್ತಿದ್ದ.

"ದುಡ್ಡು ಬೇಡ, ತಗೊಂಡ್ಹೋಗು. ಕೂಸಿಗೆ ನನ್ನ ಲೆಕ್ಕದ ಉಡುಗೊರೆ," ಎಂದಳು ಚಿಯೆನ್. ಕೆಟ್ಟವಳೇನಲ್ಲ.

ಒಂದು ಮೀನು ತೆಗೆದುಕೊಂಡು ಬಂದು, ಹಿಮ ಕರಗಲೆಂದು ಅವನು ಬಿಸಿಲಲ್ಲಿ ಬಂಡೆಯ ಮೇಲಿಟ್ಟು ಪಕ್ಕದಲ್ಲೇ ಕೂತ. ಕರಗಿದ ಮೇಲೆ ಕಡಲ ನೀರಲ್ಲಿ ಅದ್ದಿದ. ಈಟಿಯನ್ನೂ ಅದ್ದಿದ. ತನ್ನ ತಲೆಗೂದಲು ಒಣಗಿದ್ದು ನೆನಪಾಗಿ ಮತ್ತೊಮ್ಮೆ ಮುಳುಗಿ ಎದ್ದ.

ಮನೆಯಲ್ಲಿ ಅವನ ಹೆಂಡತಿ ಲಮಾತ್ ಗೋಡೆಗೊರಗಿ ಕೂತಿದ್ದಳು. ಮಗು ಮೊಲೆಯಲ್ಲಿತ್ತು. "ಸಿಕ್ತಾ?" ಎಂದು ಅವಳ ಮುಖ ಅರಳಿತು. ಅಪ್ಪ ಒಲೆಯ ಮುಂದಿದ್ದ. ಮೀನನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಒಮ್ಮೆ ಒತ್ತಿ, ಹೆಂಗಸರ ಗಡಿಗೆಗೆ ಹಾಕಿದ.

ಲಮಾತ್ ಒಂದು ಗುಟುಕು ಸಾರು ಕುಡಿದಳು. ಮಾಂಸವನ್ನು ನಾಲಗೆಯ ಮೇಲೆ ಆಡಿಸಿದಳು. ಅವಳೂ ಇದೇ ಕಡಲಿನವಳು.

"ಇದು ಯಾವತ್ತಿನ ಮೀನು?"

"ಈಗ ತಾನೆ..."

"ಹಿಟ್ಟು ಹಿಟ್ಟಾಗಿದೆ ಕಣೋ. ನನ್ನ ನಾಲಗೆಗೆ ಬಾಣಂತನ ಆಗಿಲ್ಲ." ಬಟ್ಟಲನ್ನು ಕೆಳಗಿಟ್ಟಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು. "ಕೆಸುವಿನ ಗಡ್ಡೆ ಬೆಂದಿದ್ಯಾ? ಅದೇ ಕೊಡು. ಸಾಕು." ಮಗುವನ್ನು ಇನ್ನೊಂದು ಮೊಲೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು.

ಕರಾಯ್ ಹೊರಗೆ ಬಂದು ಜಗಲಿಯಲ್ಲಿ ಕೂತ. ಅಪ್ಪನೂ ಬಂದು ಕೂತ. ಅಪ್ಪ ಬೈಯಲಿ ಎಂದು ಅವನು ಕಾದ.

"ಕಜ್ಜಿ ಎದ್ದಿದ್ರೆ ಚೆನ್ನಾಗಿತ್ತು," ಎಂದ ಮುದುಕ ಕೊನೆಗೆ. "ನೀನು ನಿಲ್ಲಿಸ್ತಿದ್ದೆ."

"ನೀನಾದ್ರೂ ಹೇಳ್ಬಹುದಿತ್ತಲ್ಲಪ್ಪ, ಬಂಡೆ ಖಾಲಿ ಆಗತ್ತೆ ಅಂತ. ಕಜ್ಜಿ ಕಜ್ಜಿ ಅಂತಿದ್ದೆ."

"ನಂಗೆ ಗೊತ್ತಿದ್ರೆ ತಾನೆ? ನಮ್ಮಪ್ಪ ಕಜ್ಜಿ ಅಂದ, ನಾನು ಹೆದರಿದೆ. ನೀನು ಹೆದರಲಿಲ್ಲ." ಮುದುಕ ಅಡಿಕೆ ಉಗುಳಿದ. "ನಮ್ಮ ಕಾಲದಲ್ಲಿ ಬಂಡೆ ಖಾಲಿ ಆಗಿದ್ದೇ ಇಲ್ಲ. ಯಾಕೆ ಅಂತ ಯಾರು ಕೇಳ್ತಾರೆ?"

ಮಾರನೆಯ ಬೆಳಿಗ್ಗೆ ಕರಾಯ್ ತೊರೆಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ತಂದ. ಮುದುಕ ಆ ನೀರನ್ನು ಮೊಮ್ಮಗುವಿನ ನೆತ್ತಿಗೆ ಸವರಿ ಹೆಸರು ಹೇಳಿದ. ಆರು ತಿಂಗಳ ಹಿಂದೆಯೇ ಆರಿಸಿಟ್ಟ ಹೆಸರು: ಮಸರಾಯ್. ಅವರ ಮಾತಿನಲ್ಲಿ ಸಂತೋಷ. ಮೊದಲ ಮಗು ಹುಟ್ಟಿದರೆ ಅಲ್ಲಿ ಹೆತ್ತವರ ಹೆಸರೂ ಹೋಗುತ್ತದೆ. ಇನ್ನು ಕರಾಯ್ ಎಂದು ಯಾರೂ ಕರೆಯುವುದಿಲ್ಲ. ಅವನು ಸ್ಯಾಮನ್ ಮಸರಾಯ್, ಸಂತೋಷದ ಅಪ್ಪ. ಒಳಗೆ ಗಡ್ಡೆ ತಿನ್ನುತ್ತಿದ್ದವಳು ಸಿನಾನ್ ಮಸರಾಯ್, ಸಂತೋಷದ ತಾಯಿ.

ಮಧ್ಯಾಹ್ನ ಅವನು ಭೂಶಿರದ ಕೆಳಗೆ ಹೋದ. ಈಟಿ ಒಯ್ದಿರಲಿಲ್ಲ. ನೀರಿಗೆ ಮುಖ ಅದ್ದಿ, ಬಂಡೆ ಕೆರೆಯುವ ಸದ್ದಿಗಾಗಿ ಬಹಳ ಹೊತ್ತು ಕಿವಿಗೊಟ್ಟ. ಕೇಳಿಸಲಿಲ್ಲ. ತಲೆ ಎತ್ತಿದಾಗ ಮೇಲಿನ ದಾರಿಯಲ್ಲಿ ಯಾರೋ, "ಸ್ಯಾಮನ್ ಮಸರಾಯ್! ಓ ಸ್ಯಾಮನ್ ಮಸರಾಯ್!" ಎಂದು ಕೂಗುತ್ತಿದ್ದರು. ಮೂರನೆಯ ಕೂಗಿಗೆ ಅದು ತನ್ನನ್ನೇ ಎಂದು ಗೊತ್ತಾಯಿತು. ನೀರಿನಿಂದ ಎದ್ದು, ತೋಳನ್ನು ಬಿಸಿಲಿಗೆ ಹಿಡಿದು ನೋಡಿದ. ನುಣ್ಣಗಿತ್ತು.