ಹತ್ತು ದಿನದ ಚಾರ್ಜು

ನನ್ನ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಜವಾನರಾಗಿದ್ದು ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ದೊಡ್ಡ ಸಾಹೇಬರು ಭಾಷಣದಲ್ಲಿ ಸೇವೆ, ಸೇವೆ ಎಂದು ಎಷ್ಟು ಸಲ ಅಂದರೆಂದರೆ, ಪಕ್ಕದಲ್ಲಿ ಕೂತಿದ್ದ ಟೈಪಿಸ್ಟ್ ನನ್ನ ಕಿವಿಯಲ್ಲಿ, "ಅಕ್ಕಾ, ನಿಮ್ಮವರು ಇದ್ದದ್ದು ಕಚೇರಿಯಲ್ಲೋ, ದೇವರ ಸನ್ನಿಧಿಯಲ್ಲೋ?" ಎಂದಳು.

ಸೇವೆ ಅನ್ನುವ ಆ ಮಾತಿಗೆ ನಮ್ಮ ಮನೆಯಲ್ಲಿ ಮೂವರು ಹಕ್ಕುದಾರರು. ಅತ್ತೆ ಓಡಾಡಿಕೊಂಡಿದ್ದಾಗ ನಲವತ್ತು ವರ್ಷ ಬೀದಿ ಕೊನೆಯ ದೇವಾಲಯದ ನೆಲ ಒರೆಸಿದವರು. ಅದು ಅವರ ಸೇವೆ. ಯಜಮಾನರದು ಸರ್ಕಾರಿ ಸೇವೆ. ಹನ್ನೊಂದು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅಂದಿನಿಂದ ನಾನು ಮಾಡುತ್ತಿರುವುದನ್ನು ಬಂದುಹೋಗುವವರೆಲ್ಲ ಅತ್ತೆಯ ಸೇವೆ ಅನ್ನುತ್ತಾರೆ. ಅತ್ತೆ ಮಾತ್ರ ಒಪ್ಪುವುದಿಲ್ಲ.

"ಸೇವೆ ಅಂತೆ, ಸೇವೆ. ಬೆನ್ನಿಗೆ ಬಿಸಿನೀರು ಹುಯ್ದು ಬಾಯ್ತುಂಬ ಬೈತಾಳೆ. ಪೊಲೀಸರೂ ಕಳ್ಳನಿಗೆ ಇದೇ ಸೇವೆ ಮಾಡೋದು."

ನಾನೂ ಬಿಡುವವಳಲ್ಲ. "ಕಳ್ಳನಾದರೆ ಒಂದಿನ ನಿಜ ಒಪ್ಕೋತಾನೆ ಅತ್ತೆ" ಅನ್ನುತ್ತೇನೆ. ನಮ್ಮ ದಿನ ಹೀಗೆ ಉರುಳುತ್ತದೆ.

ಈ ಹನ್ನೊಂದು ವರ್ಷದಲ್ಲಿ ನಾನು ಒಂದು ದಿನವೂ ಬೇರೆ ಮನೆಯಲ್ಲಿ ತಲೆ ಇಟ್ಟವಳಲ್ಲ. ತಂಗಿ ಕರೆದು ಕರೆದು ಸೋತಿದ್ದಳು. "ಏನೂ ಕಾರಣ ಬೇಡ ಕಣಕ್ಕಾ, ಬಂದು ಹತ್ತು ದಿನ ಸುಮ್ನೆ ಕೂತಿರು" ಅನ್ನುತ್ತಿದ್ದಳು. ಯಜಮಾನರು ನಿವೃತ್ತಿಯಾದ ವಾರವೇ ಹೋಗಿ ನನಗೆ ರೈಲಿನ ಟಿಕೆಟ್ ತಂದರು, ಶುಕ್ರವಾರ ಬೆಳಿಗ್ಗೆಯದು. "ನಾನಿದ್ದೀನಲ್ಲ" ಎಂದರು. ಆ ಟಿಕೆಟ್ಟನ್ನು ನಾನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದೆ.

ಸೋಮವಾರ ಅವರು ಕಾಗದ, ಪೆನ್ನು ಹಿಡಿದು ಅಡುಗೆಮನೆಗೆ ಬಂದರು.

"ರಜೆ ಹೋಗೋರು ಚಾರ್ಜು ಕೊಡದೆ ಹೋಗೋ ಹಾಗಿಲ್ಲ. ಹೇಳು, ಬರ್ಕೋತೀನಿ."

ಹೇಳಿದೆ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು. ಮಾತ್ರೆ ಪುಡಿ ಮಾಡಿ ಗಂಜಿಯಲ್ಲಿ ಕಲಸಬೇಕು. ಬೆಡ್‌ಪ್ಯಾನ್ ಇಡುವ ಮುಂಚೆ ಅದಕ್ಕೆ ಬಿಸಿನೀರು ತೋರಿಸಬೇಕು, ತಣ್ಣಗಿದ್ದರೆ ಅವರಿಗೆ ಆಗುವುದಿಲ್ಲ. ಮುಚ್ಚಿಕೊಂಡ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಗೈ ಒರೆಸಬೇಕು. ಇಪ್ಪತ್ತಮೂರನೆಯದಕ್ಕೆ ಪೆನ್ನು ನಿಂತಿತು.

"ಇಷ್ಟೂ ದಿನಾ ಮಾಡ್ತೀಯಾ?"

"ಇಲ್ಲ. ಭಾನುವಾರ ಇನ್ನೆರಡು ಜಾಸ್ತಿ."

ಅವರು ನನ್ನ ಮುಖ ನೋಡಿದರು, ಆಮೇಲೆ ಕಾಗದ ನೋಡಿದರು. ಕೆಳಗೆ ಗೆರೆ ಎಳೆದು 'ಕೊಟ್ಟವರು', 'ಪಡೆದವರು' ಎಂದು ಬರೆದು ಇಬ್ಬರ ಸಹಿಯನ್ನೂ ಹಾಕಿಸಿದರು.

ಈ ಚಾರ್ಜಿನ ವಿಷಯದಲ್ಲಿ ಅತ್ತೆಯ ಅಭಿಪ್ರಾಯ ಏನೆಂದು ನಾವಿಬ್ಬರೂ ಕೇಳಿರಲಿಲ್ಲ.

"ಇವನು ನನ್ನ ಮೈ ತೊಳೆಯೋದಾ?" ಎಂದರು ಮಂಗಳವಾರ.

"ಅಮ್ಮಾ, ಚಿಕ್ಕಂದಿನಲ್ಲಿ ನೀನು ನನ್ನ ತೊಳೀಲಿಲ್ವಾ?"

"ಆಗ ನಿನಗೆ ನಾಚಿಕೆ ಇರಲಿಲ್ಲ. ಈಗ ನನಗಿದೆ."

"ನೀನು ದೇವಾಲಯದಲ್ಲಿ ಮಾಡ್ತಿದ್ಯಲ್ಲಮ್ಮ, ಇದೂ ಹಾಗೇ ಒಂದು ಸೇವೆ ಅಂದ್ಕೋ."

"ನಾನು ಒರೆಸಿದ್ದು ನೆಲ ಕಣೋ. ನೆಲಕ್ಕೆ ನಾಚಿಕೆ ಇರುತ್ತೇನೋ?"

ಯಜಮಾನರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಈಚೆ ಬಂದರು.

ಬುಧವಾರ ಪರೀಕ್ಷೆ ಮಾಡೋಣವೆಂದು ನಾನು ಬೆಳಿಗ್ಗೆಯಿಂದ ಆ ಕೋಣೆಗೆ ಕಾಲಿಡಲಿಲ್ಲ. ಮಧ್ಯಾಹ್ನ ತಡೆಯಲಾರದೆ ಇಣುಕಿದೆ. ಹಾಸಿಗೆ ಪಕ್ಕದ ಲೋಟದಲ್ಲಿ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಅತ್ತೆಯ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀರು ಕುಡಿದರೆ ಬೆಡ್‌ಪ್ಯಾನ್ ಕೇಳಬೇಕಾಗುತ್ತದೆ, ಕೇಳಿದರೆ ಮಗ ಬರುತ್ತಾನೆ. ಅದಕ್ಕೇ ಬೆಳಗಿನಿಂದ ಒಂದು ಗುಟುಕೂ ಇಳಿಸಿರಲಿಲ್ಲ. ಹೀಗೆ ಹತ್ತು ದಿನವಾದರೆ ಮುದುಕಿ ಉಳಿಯುತ್ತಾಳೆಯೇ?

ಹೊರಗೆ ಬಂದು ಯಜಮಾನರ ಕೈಗೆ ಟಿಕೆಟ್ ಕೊಟ್ಟೆ. "ಇದನ್ನ ವಾಪಸ್ ಮಾಡಿಬಿಡಿ ರೀ" ಎಂದು ಕಾರಣ ಹೇಳಿದೆ.

ಅವರು ಟಿಕೆಟ್ಟನ್ನು ಜೇಬಿಗಿಟ್ಟುಕೊಂಡರು. "ಎಲ್ಲಿ ತಪ್ಪಿದೆ, ಅದನ್ನಾದರೂ ಹೇಳು."

"ನೀವು ಒಳಗೆ ಹೋಗೋದೇ ಅಮ್ಮಾ ಅಮ್ಮಾ ಅಂದ್ಕೊಂಡು. ಮುಖ ನೋಡ್ತೀರಿ, ಕಣ್ಣಲ್ಲಿ ನೀರು ಬೇರೆ ತಂದ್ಕೋತೀರಿ. ಹಾಗೆ ನೋಡಿದರೆ ಅವರು ಹೇಗೆ ಬಿಚ್ಕೋತಾರೆ? ಸಾಹೇಬರ ಕೋಣೆಗೂ ಹೀಗೇ ಹೋಗ್ತಿದ್ರಾ?"

"ಅಲ್ಲಿ ನಾನು ಇರ್ತಾನೇ ಇರಲಿಲ್ಲ."

"ಹಾಗಂದ್ರೆ?"

"ಜವಾನ ಅಂದ್ರೆ ಹಾಗೇ ಕಣೇ. ಒಳಗೆ ಹೋಗಬೇಕು, ಕೆಲಸ ಆಗಬೇಕು, ಯಾರೋ ಬಂದಿದ್ರು ಅಂತ ಅನ್ನಿಸಬಾರದು. ಒಂದ್ಸಲ ಒಬ್ಬ ಸಾಹೇಬರು ಮೇಜಿಗೆ ತಲೆ ಕೊಟ್ಟು ಅಳ್ತಿದ್ರು. ನೀರಿಟ್ಟು ಬಾಗಿಲು ಮುಚ್ಕೊಂಡು ಬಂದೆ. ಮಾರನೇ ದಿನ ಅವರು, ಆ ನೀರು ಯಾರಪ್ಪಾ ಇಟ್ಟಿದ್ದು ಅಂತ ಕೇಳಿದರು. ಗೊತ್ತಿಲ್ಲ ಸಾರ್ ಅಂದೆ."

ಮೂವತ್ತನಾಲ್ಕು ವರ್ಷದಲ್ಲಿ ಇದನ್ನು ಅವರು ನನಗೆ ಹೇಳಿದ್ದು ಇದೇ ಮೊದಲು. ಅವರು ಎದ್ದು, ಬಿಸಿನೀರಲ್ಲಿ ಎರಡೂ ಕೈ ಅದ್ದಿ ಒರೆಸಿಕೊಂಡು ಕೋಣೆ ಕಡೆ ಹೊರಟರು. ನಾನು ಬಾಗಿಲ ಈಚೆ ಗೋಡೆಗೆ ಒರಗಿ ನಿಂತೆ.

ಉಗುರಿನಿಂದ ಬಾಗಿಲಿಗೆ ಒಂದೇ ಸಲ ತಟ್ಟಿದರು. ಎರಡು ಉಸಿರಿನಷ್ಟು ಕಾದು ಒಳಗೆ ಹೋದರು. ಅಮ್ಮಾ ಅನ್ನಲಿಲ್ಲ. ಹೆಜ್ಜೆ ಸಪ್ಪಳವೂ ಇಲ್ಲ. ಸ್ಟೂಲಿನ ಮೇಲೆ ಏನೋ ಇಟ್ಟ ಸದ್ದು. ಹೊದಿಕೆ ಸರಿದ ಸದ್ದು.

"ಆ ಕಡೆ ನೋಡು" ಎಂದರು ಅತ್ತೆ.

ನಾನು ಸಂದಿಯಿಂದ ನೋಡಿದೆ. ಅವರು ಮೊದಲೇ ಕಿಟಕಿ ಕಡೆ ಮುಖ ಮಾಡಿದ್ದರು. ಕೈ ಮಾತ್ರ ಹೊದಿಕೆಯ ಕೆಳಗೆ, ಕತ್ತಲಲ್ಲಿ ದಾರಿ ಗೊತ್ತಿರುವವರ ಹಾಗೆ ಓಡಾಡುತ್ತಿತ್ತು.

"ನೀರು ಕೊಡು" ಎಂದರು ಅತ್ತೆ ಆಮೇಲೆ. ಒಂದು ಲೋಟ ಕುಡಿದರು. "ಇನ್ನೊಂದು."

ಯಜಮಾನರು ಈಚೆ ಬಂದು ಬೆಡ್‌ಪ್ಯಾನ್ ತೊಳೆದಿಟ್ಟು, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅತ್ತ ಹೋಗಲಿಲ್ಲ. ಒಲೆ ಹಚ್ಚಿ ಗಂಜಿಗಿಟ್ಟೆ.

ಗುರುವಾರವೂ ಹಾಗೇ ನಡೆಯಿತು. ಇಪ್ಪತ್ತಮೂರರಲ್ಲಿ ಒಂದೂ ತಪ್ಪಲಿಲ್ಲ. ಸಂಜೆ ಯಜಮಾನರು ಟಿಕೆಟ್ಟನ್ನು ತಿರುಗಿ ನನ್ನ ಕೈಗೆ ಕೊಟ್ಟರು.

ಶುಕ್ರವಾರ ಹೊರಡುವ ಮುಂಚೆ ಅತ್ತೆಯ ಹತ್ತಿರ ಹೋದೆ. ಯಜಮಾನರು ಅವರ ಕೂದಲು ಬಾಚಿ ಜಡೆ ಹಾಕಿದ್ದರು, ಸ್ವಲ್ಪ ಸೊಟ್ಟ.

"ಹೋಗಿ ಬರ್ತೀನಿ ಅತ್ತೆ. ನಿಮ್ಮ ಮಗ ಚೆನ್ನಾಗಿ ನೋಡ್ಕೋತಾರಾ?"

"ಚೆನ್ನಾಗೇ ನೋಡ್ಕೋತಾನೆ. ನಿನಗಿಂತ ಅಚ್ಚುಕಟ್ಟು." ಬಲಗೈಯಿಂದ ಹೊದಿಕೆಯ ಅಂಚು ಎಳೆದುಕೊಂಡರು. "ಆದರೆ ಹುಡುಗಿ, ಅವನು ಒಳಗೆ ಬಂದ್ರೆ ಬಂದ ಹಾಗೇ ಇರಲ್ಲ. ಬೈಯಲ್ಲ, ಬೈದ್ರೆ ತಿರುಗಿ ಅನ್ನಲ್ಲ. ಹತ್ತು ದಿನ ನಾನು ಯಾರ ಜೊತೆ ಜಗಳ ಆಡಲಿ?"

ಐವತ್ತೆಂಟು ವರ್ಷದ ಹುಡುಗಿ ನಾನು, ಚೀಲ ಕೆಳಗಿಟ್ಟು ಹಾಸಿಗೆ ಅಂಚಿನಲ್ಲಿ ಕೂತೆ.

"ದಿನಾ ಸಂಜೆ ಫೋನ್ ಮಾಡ್ತೀನಿ. ಬೇಕಾದಷ್ಟು ಬೈಯಿರಿ. ನಾನೂ ಬೈತೀನಿ."

"ಎಷ್ಟೊತ್ತಿಗೆ?"

"ಆರಕ್ಕೆ."

"ತಂಗಿ ಜೊತೆ ಹರಟ್ತಾ ಮರೀಬೇಡ" ಎಂದರು. "ಏಳು ಈಗ, ರೈಲು ನಿನಗೋಸ್ಕರ ಕಾಯಲ್ಲ."